ಗೃಹ ಅಕ್ವೇರಿಯಂಗೆ ಕ್ಯಾನಿಸ್ಟರ್ ಫಿಲ್ಟರ್: ಅಳವಡಿಕೆ, ದೋಷ ನಿವಾರಣೆ ಮತ್ತು ಗದಗ ಸೀಮೆಯ ನೀರು

ಬಟ್ಟೆ ಅಂಗಡಿಯ ಗಲ್ಲೆಯ ಪಕ್ಕದಲ್ಲಿ, ಆಸ್ಪತ್ರೆಯ ನಿರೀಕ್ಷಣಾ ಕೊಠಡಿಯಲ್ಲಿ, ವಸತಿಗೃಹದ ಪ್ರವೇಶದ್ವಾರದಲ್ಲಿ ಗಾಜಿನ ಮೀನಿನ ತೊಟ್ಟಿಯನ್ನು ಇಡುವ ರೂಢಿ ನಮ್ಮ ಊರುಗಳಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಈಗ ಅದು ಮನೆಗಳ ಪಡಸಾಲೆಯನ್ನೂ ಪ್ರವೇಶಿಸಿದೆ. ತೊಟ್ಟಿಯ ಗಾತ್ರ ದೊಡ್ಡದಾದಂತೆಲ್ಲ ಅದರೊಳಗೆ ತೂಗುವ ಚಿಕ್ಕ ಫಿಲ್ಟರ್‌ಗಳ ಬದಲು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕುಳಿತು ಕೆಲಸ ಮಾಡುವ ಕ್ಯಾನಿಸ್ಟರ್ ಫಿಲ್ಟರ್‌ಗೆ ಬೇಡಿಕೆ ಬರುತ್ತದೆ. ಆದರೆ ಈ ಉಪಕರಣವನ್ನು ಕೊಂಡ ಗ್ರಾಹಕರಲ್ಲಿ ಹಲವರು ಒಂದು ತಿಂಗಳೊಳಗೆ ಮೀನು ಸತ್ತವೆಂದೋ, ನೆಲವೆಲ್ಲ ನೀರಾಯಿತೆಂದೋ, ಮೋಟರ್ ಗುಂಯ್‌ಗುಡುತ್ತದೆ ಹೊರತು ನೀರು ಬರುವುದಿಲ್ಲವೆಂದೋ ಅಂಗಡಿಗೆ ಮರಳುವುದುಂಟು. ಇವುಗಳಲ್ಲಿ ಹೆಚ್ಚಿನವು ಯಂತ್ರದ ದೋಷಗಳಲ್ಲ. ಅಳವಡಿಕೆಯ ದೋಷಗಳು, ಇಲ್ಲವೇ ನೀರಿನ ಗುಣವನ್ನು ಅರಿಯದಿರುವುದರಿಂದ ಉಂಟಾದವು. ಮಾರುವವರಿಗೂ ಕೊಳ್ಳುವವರಿಗೂ ಸಮಾನವಾಗಿ ನಷ್ಟ ತರುವ ಈ ಸಂಗತಿಯನ್ನು ಕೊಂಚ ವಿವರವಾಗಿ ಪರಿಶೀಲಿಸುವುದು ಉಪಯುಕ್ತ.

ಕ್ಯಾನಿಸ್ಟರ್ ಎಂದರೇನು?

ಮೂರು ಗಡಿಗೆಗಳನ್ನು ಒಂದರ ಮೇಲೊಂದು ಇರಿಸಿ, ಅವುಗಳಲ್ಲಿ ಮರಳು, ಇದ್ದಿಲು, ಜಲ್ಲಿಗಳನ್ನು ತುಂಬಿ ಕುಡಿಯುವ ನೀರನ್ನು ಸೋಸುತ್ತಿದ್ದ ಪದ್ಧತಿಯನ್ನು ಹಿರಿಯರು ಬಲ್ಲರು. ಕ್ಯಾನಿಸ್ಟರ್ ಫಿಲ್ಟರ್ ಆ ಗಡಿಗೆಗಳನ್ನು ಒಂದೇ ಬಿಗಿಮುಚ್ಚಳದ ಡಬ್ಬಿಯೊಳಗೆ ಸೇರಿಸಿ, ಮೇಲೊಂದು ಸಣ್ಣ ಪಂಪನ್ನು ಕೂರಿಸಿದ ಸಾಧನ. ತೊಟ್ಟಿಯ ನೀರು ಒಂದು ಕೊಳವೆಯ ಮೂಲಕ ತನ್ನ ಭಾರದಿಂದಲೇ ಇಳಿದು ಡಬ್ಬಿಯ ತಳವನ್ನು ಸೇರುತ್ತದೆ. ಅಲ್ಲಿಂದ ಒಂದೊಂದೇ ಬುಟ್ಟಿಯನ್ನು ಹಾದು ಮೇಲೇರುತ್ತದೆ. ಪಂಪು ಅದನ್ನು ಇನ್ನೊಂದು ಕೊಳವೆಯಿಂದ ತೊಟ್ಟಿಗೆ ಮರಳಿಸುತ್ತದೆ. ಬಹುತೇಕ ಮಾದರಿಗಳ ರಚನೆ ಇದೇ. ಜರ್ಮನಿಯ ಈಹೈಮ್ ಸಂಸ್ಥೆ 1960ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿತು. ಇಂದು ನಮ್ಮ ಮಾರುಕಟ್ಟೆಯಲ್ಲಿ ಕಾಣುವ ಕಡಿಮೆ ಬೆಲೆಯ ಮಾದರಿಗಳಲ್ಲಿ ಬಹುಪಾಲು ಚೀನಾದಲ್ಲಿ ತಯಾರಾದವು.

ಕಸವನ್ನು ಹಿಡಿಯುವುದು ಈ ಡಬ್ಬಿಯ ಮುಖ್ಯ ಕೆಲಸವೆಂದು ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಎರಡನೆಯ ಕೆಲಸ. ಮೀನು ತನ್ನ ಕಿವಿರುಗಳಿಂದ ಹೊರಹಾಕುವ ಹಾಗೂ ಉಳಿದ ಆಹಾರ ಕೊಳೆತು ಉಂಟಾಗುವ ಅಮೋನಿಯಾ ತೀಕ್ಷ್ಣ ವಿಷ. ಅದನ್ನು ಒಂದು ಬಗೆಯ ಸೂಕ್ಷ್ಮಾಣುಗಳು ನೈಟ್ರೈಟ್ ಆಗಿ, ಮತ್ತೊಂದು ಬಗೆಯವು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಸಹ ವಿಷವೇ. ನೈಟ್ರೇಟ್ ಮಾತ್ರ ಮಿತವಾಗಿದ್ದರೆ ನಿರಪಾಯಕಾರಿ. ಈ ಸೂಕ್ಷ್ಮಾಣುಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವನು ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ಪರಿವರ್ತಿಸುವ ಮುಖ್ಯ ಜೀವಿ ನೈಟ್ರೋಸ್ಪೈರಾ ಎಂಬುದು 1998ರ ಹೊತ್ತಿಗೆ ಸ್ಪಷ್ಟವಾಯಿತು. ಇದೇ ಗುಂಪಿನ ಕೆಲವು ಜೀವಿಗಳು ಎರಡೂ ಹಂತಗಳನ್ನು ತಾವೇ ಪೂರೈಸಬಲ್ಲವೆಂದು 2015ರಲ್ಲಿ ತಿಳಿದುಬಂತು. ಪಿಂಗಾಣಿ ಉಂಗುರಗಳ, ಸ್ಪಾಂಜಿನ ರಂಧ್ರಗಳಲ್ಲಿ ಇವು ಅಂಟಿಕೊಂಡು ಬಾಳುತ್ತವೆ. ಆದುದರಿಂದ ಕ್ಯಾನಿಸ್ಟರ್ ಎಂಬುದು ಜರಡಿಗಿಂತ ಹೆಚ್ಚಾಗಿ ಜೀವಂತ ಸೂಕ್ಷ್ಮಾಣುಗಳ ಕೊಟ್ಟಿಗೆ. ಕೊಟ್ಟಿಗೆಯ ದನಕ್ಕೆ ಮೇವು, ನೀರು, ಗಾಳಿ ಬೇಕಾದಂತೆ ಇವಕ್ಕೂ ಎಡೆಬಿಡದೆ ಆಮ್ಲಜನಕಯುಕ್ತ ನೀರು ಹರಿಯುತ್ತಿರಬೇಕು. ಮುಂದೆ ಹೇಳುವ ಅನೇಕ ದೋಷಗಳ ಮೂಲ ಈ ಒಂದು ಸಂಗತಿಯಲ್ಲಿದೆ.

ಗಾತ್ರದ ಆಯ್ಕೆ

3 ಅಡಿ ಉದ್ದ, 15 ಅಂಗುಲ ಅಗಲ, 18 ಅಂಗುಲ ಎತ್ತರದ ತೊಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂಚಿನವರೆಗೆ ತುಂಬಿದರೆ ಅದು ಸುಮಾರು 159 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು ಹಾಗೂ ಮೇಲಿನ ಖಾಲಿ ಭಾಗವನ್ನು ಕಳೆದರೆ ಇರುವ ನೀರು 135 ಲೀಟರಿನಷ್ಟು. ಗಂಟೆಗೆ ನಾಲ್ಕು ಬಾರಿ ಇಡೀ ನೀರು ಫಿಲ್ಟರನ್ನು ಹಾದುಹೋಗಬೇಕೆಂಬ ಸಾಮಾನ್ಯ ನಿಯಮದಂತೆ 540 ಲೀಟರ್ ಹರಿವು ಬೇಕು. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಅಂಕಿ ಖಾಲಿ ಡಬ್ಬಿಯದು. ಸೋಸುವ ಸಾಮಗ್ರಿ ತುಂಬಿ, ಕೊಳವೆಗಳನ್ನು ಜೋಡಿಸಿ, ನಾಲ್ಕು ವಾರ ಕಸ ಕಟ್ಟಿದ ಮೇಲೆ ಅದರ ಅರ್ಧದಷ್ಟು ಹರಿವು ದೊರೆತರೆ ಸಮಾಧಾನಪಡಬೇಕು. ಹೀಗಾಗಿ ಗಂಟೆಗೆ 1000 ಲೀಟರ್ ಎಂದು ಬರೆದ ಯಂತ್ರವೇ ಈ ತೊಟ್ಟಿಗೆ ಸರಿ. ಅಂತಹ ಯಂತ್ರ 18 ವ್ಯಾಟ್ ಬಳಸಿದರೆ ದಿನವಿಡೀ ಓಡಿ ತಿಂಗಳಿಗೆ 13 ಯುನಿಟ್ ವಿದ್ಯುತ್ ವ್ಯಯವಾಗುತ್ತದೆ. ಅಂಗಡಿಯಲ್ಲಿ ರಾತ್ರಿ ಕದ ಹಾಕುವಾಗ ಎಲ್ಲ ಸ್ವಿಚ್ಚುಗಳೊಂದಿಗೆ ಇದನ್ನೂ ಆರಿಸಿ ಆ ಕೆಲವು ಯುನಿಟ್‌ಗಳನ್ನು ಉಳಿಸುವ ಅಭ್ಯಾಸ ಕೆಲವೆಡೆ ಇದೆ. ಅದು ಉಳಿತಾಯವಲ್ಲ, ಪ್ರತಿ ರಾತ್ರಿ ಸೂಕ್ಷ್ಮಾಣುಗಳ ಉಸಿರು ಕಟ್ಟಿಸುವ ಕ್ರಮ.

ಎರಡು ಅಡಿಯ ಚಿಕ್ಕ ತೊಟ್ಟಿಗೆ, ನಾಲ್ಕಾರು ಗಪ್ಪಿ ಮೀನುಗಳಿಗೆ ಕ್ಯಾನಿಸ್ಟರ್ ಅನಗತ್ಯ. ಗಾಳಿಯ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಅಲ್ಪ ವೆಚ್ಚದಲ್ಲಿ ಆ ಕೆಲಸವನ್ನು ಪೂರೈಸುತ್ತದೆ. ಈ ಮಾತನ್ನು ಹೇಳುವ ವರ್ತಕನಿಗೆ ಆ ದಿನದ ಲಾಭ ಕಡಿಮೆಯಾದೀತು, ಆದರೆ ಗ್ರಾಹಕ ಕೈತಪ್ಪುವುದಿಲ್ಲ.

ಅಳವಡಿಕೆಯ ಕ್ರಮ

ಡಬ್ಬಿಯು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿರಲೇಬೇಕು. ಪಕ್ಕದ ಮೇಜಿನ ಮೇಲೆ ತೊಟ್ಟಿಗೆ ಸಮವಾಗಿ ಇಟ್ಟರೆ ನೀರು ತಾನಾಗಿ ಇಳಿಯದು. ಹಾಗೆಂದು ಬಹಳ ಆಳಕ್ಕೂ ಇಳಿಸಬಾರದು. ನೀರಿನ ಮೇಲ್ಮೈಯಿಂದ ಡಬ್ಬಿಯ ತಳದವರೆಗೆ ತಯಾರಕರು ಸೂಚಿಸಿರುವ ಎತ್ತರವನ್ನು, ಅಂದರೆ ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸನ್ನು, ಮೀರದಿರುವುದು ಲೇಸು. ಕೊಳವೆಗಳನ್ನು ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಬೇಕು. ಉಳಿದ ಕೊಳವೆ ಕಪಾಟಿನೊಳಗೆ ಸುರುಳಿಯಾಗಿ ಬಿದ್ದರೆ ಅದರ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಕೊಂಡು ಹರಿವನ್ನು ತಡೆಯುತ್ತದೆ.

ಬುಟ್ಟಿಗಳಲ್ಲಿ ಸಾಮಗ್ರಿ ತುಂಬುವ ಕ್ರಮದಲ್ಲಿಯೇ ಹೆಚ್ಚಿನ ತಪ್ಪು ನಡೆಯುತ್ತದೆ. ನೀರು ಕೆಳಗಿನಿಂದ ಮೇಲಕ್ಕೆ ಹಾಯುವ ಡಬ್ಬಿಯಲ್ಲಿ ದಪ್ಪ ರಂಧ್ರದ ಸ್ಪಾಂಜ್ ತಳದಲ್ಲಿ, ಅದರ ಮೇಲೆ ಮಧ್ಯಮ ಸ್ಪಾಂಜ್, ನಂತರ ಪಿಂಗಾಣಿ ಉಂಗುರ, ಕಟ್ಟಕಡೆಗೆ ಮೇಲ್ಗಡೆ ತೆಳುವಾದ ಬಿಳಿ ಹತ್ತಿಯಂತಹ ಫಿಲ್ಟರ್ ಉಣ್ಣೆ ಇರಬೇಕು. ಮೇಲಿನಿಂದ ನೋಡುವವನಿಗೆ ಇದು ಗಡಿಗೆಯ ಶೋಧಕದ ತಲೆಕೆಳಗಾದ ರೂಪ; ಆ ಹಳೆಯ ನೆನಪಿನಂತೆ ಮೇಲಿನಿಂದ ಕೆಳಕ್ಕೆ ಜೋಡಿಸಿದವರ ಉಣ್ಣೆ ಮೊದಲ ವಾರದಲ್ಲೇ ಕಟ್ಟಿಕೊಳ್ಳುತ್ತದೆ. ಉಂಗುರಗಳನ್ನು ಸಾದಾ ನೀರಿನಲ್ಲಿ ತೊಳೆದು ಧೂಳು ಹೋಗಲಾಡಿಸಿ ಹಾಕಬೇಕು. ಬೆಲೆ ದುಬಾರಿ ಎನಿಸಿದವರು ಚೆನ್ನಾಗಿ ಬೆಂದ ಇಟ್ಟಿಗೆಯ ಚೂರುಗಳನ್ನು ತೊಳೆದು ಬಳಸಬಹುದು. ಆದರೆ ಯಾವ ಕಲ್ಲನ್ನಾಗಲಿ ಹಾಕುವ ಮುನ್ನ ಅದರ ಮೇಲೆ ವಿನಿಗರ್ ಹನಿಸಿ ನೋಡಬೇಕು. ನೊರೆಯೆದ್ದರೆ ಅದು ಸುಣ್ಣದ ಕಲ್ಲು. ನೀರಿನ ಗಡಸುತನವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದ್ದಿಲಿನ ಚೀಲ ಸದಾ ಇರಬೇಕಾದ ಅವಶ್ಯಕತೆಯಿಲ್ಲ. ಮೀನಿಗೆ ಔಷಧ ಹಾಕಿದ ನಂತರ ಅದರ ಶೇಷವನ್ನು ತೆಗೆಯಲು ಅದು ಉಪಯುಕ್ತ. ಔಷಧ ನೀಡುವ ಅವಧಿಯಲ್ಲಿ ಇದ್ದರೆ ಔಷಧವನ್ನೇ ಹೀರಿಬಿಡುತ್ತದೆ.

ಹೀರುವ ಕೊಳವೆಯ ಬಾಯಿ ಮರಳಿನಿಂದ ಎರಡು ಮೂರು ಅಂಗುಲ ಮೇಲಿರಲಿ. ಮರಳುವ ಕೊಳವೆ ತೊಟ್ಟಿಯ ಎದುರು ತುದಿಯಲ್ಲಿ, ನೀರಿನ ಮೇಲ್ಮೈಯನ್ನು ಕದಡುವಂತೆ ಇರಬೇಕು. ಮೇಲ್ಮೈ ಕದಡಿದಾಗಲೇ ಗಾಳಿಯ ಆಮ್ಲಜನಕ ನೀರಿಗೆ ಸೇರುತ್ತದೆ. 20 ಡಿಗ್ರಿ ಉಷ್ಣತೆಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದಾದರೆ 32 ಡಿಗ್ರಿಯಲ್ಲಿ ಅದು ಏಳು ಚಿಲ್ಲರೆಗೆ ಇಳಿಯುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ವ್ಯತ್ಯಾಸವೇ ಮೀನಿನ ಜೀವನ್ಮರಣದ ಪ್ರಶ್ನೆಯಾಗಬಹುದು.

ಇನ್ನು ಪಂಪನ್ನು ಚಾಲೂ ಮಾಡುವ ವಿಷಯ. ಬಾವಿಯ ಪಂಪುಸೆಟ್ಟಿಗೆ ನೀರು ತುಂಬಿ ಗಾಳಿ ತೆಗೆಯದೆ ಸ್ವಿಚ್ ಒತ್ತಿದರೆ ಏನಾಗುವುದೆಂದು ಮುಂಡರಗಿ, ಶಿರಹಟ್ಟಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಯಾನಿಸ್ಟರಿನ ಪಂಪೂ ಅದೇ ಜಾತಿಯದು. ಅದು ಗಾಳಿಯನ್ನು ಎಳೆಯಲಾರದು. ಡಬ್ಬಿಯ ಮುಚ್ಚಳ ಬಿಗಿದು, ಕವಾಟಗಳನ್ನು ತೆರೆದು, ಮುಚ್ಚಳದ ಮೇಲಿನ ಒತ್ತುಗುಂಡಿಯನ್ನು ಹಲವು ಬಾರಿ ಒತ್ತಿದಾಗ ನೀರು ಇಳಿಯಲಾರಂಭಿಸುತ್ತದೆ. ಡಬ್ಬಿ ಪೂರ್ತಿ ತುಂಬಿ, ಮರಳುವ ಕೊಳವೆಯಲ್ಲಿ ನೀರು ತೊಟ್ಟಿಯ ಮಟ್ಟದವರೆಗೆ ಏರಿ ನಿಲ್ಲುವ ತನಕ ವಿದ್ಯುತ್ ಕೊಡಬಾರದು. ಚಾಲೂ ಮಾಡಿದ ಮೇಲೆ ಡಬ್ಬಿಯನ್ನು ಮೆಲ್ಲನೆ ಆಚೀಚೆ ವಾಲಿಸಿದರೆ ಬುಟ್ಟಿಗಳ ಸಂದಿಯಲ್ಲಿ ಅಡಗಿದ ಗುಳ್ಳೆಗಳು ಹೊರಬರುತ್ತವೆ. ಮೊದಲ ದಿನ ಗುಳ್ಳೆಗಳು ಬರುವುದು ಸಹಜ. ಮೂರನೆಯ ದಿನವೂ ಬಂದರೆ ಸಹಜವಲ್ಲ.

ವಿದ್ಯುತ್ತಿನ ತಂತಿ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಬಾಗಿ ನಂತರ ಮೇಲೇರುವಂತೆ ಇರಲಿ. ತಂತಿಯ ಗುಂಟ ಜಾರುವ ನೀರಹನಿ ಆಗ ಪ್ಲಗ್ಗನ್ನು ತಲುಪದೆ ಕೆಳಗೆ ಬೀಳುತ್ತದೆ. 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ ಇಲ್ಲದ ಮನೆಯಲ್ಲಿ ತೊಟ್ಟಿಗೆ ಕೈಹಾಕುವ ಮೊದಲು ಪ್ಲಗ್ ಕಳಚುವುದನ್ನು ಮರೆಯಲಾಗದು.

ಗದಗ ಸೀಮೆಯ ನೀರು

ಇದೇ ಯಂತ್ರ, ಇದೇ ಮೀನು ಬೇರೆ ಊರಿನಲ್ಲಿ ಚೆನ್ನಾಗಿದ್ದು ಇಲ್ಲಿ ಕೆಡುವುದೇಕೆ ಎಂಬ ಪ್ರಶ್ನೆಗೆ ಉತ್ತರ ನೀರಿನಲ್ಲಿದೆ. ಗದಗ-ಬೆಟಗೇರಿ ಅವಳಿ ನಗರಕ್ಕೆ ತುಂಗಭದ್ರಾ ನದಿಯ ನೀರು ಬರುತ್ತದೆ. ಅದು ಹೋಲಿಕೆಯಲ್ಲಿ ಮೃದು, ಆದರೆ ಕ್ಲೋರಿನ್ ಬೆರೆತದ್ದು. ನಲ್ಲಿಯ ನೀರು ದಿನವೂ ಬಾರದಿರುವಲ್ಲಿ ಅನೇಕ ಮನೆಗಳು ಕೊಳವೆಬಾವಿಯ ನೀರನ್ನೂ ಸಂಪಿಗೆ ಬಿಟ್ಟುಕೊಳ್ಳುತ್ತವೆ. ಒಂದು ವಾರದ ನೀರಿಗೂ ಮುಂದಿನ ವಾರದ ನೀರಿಗೂ ಅಜಗಜಾಂತರವಿರುತ್ತದೆ. ಎರಿಭೂಮಿಯ ಹಳ್ಳಿಗಳಲ್ಲಿ, ಹೊಯ್ಸಳ ಬಲ್ಲಾಳನೂ ಸೇವುಣ ಭಿಲ್ಲಮನೂ 12ನೇ ಶತಮಾನದ ಕೊನೆಯಲ್ಲಿ ಸೆಣಸಿದ ಸೊರಟೂರಿನಂತಹ ಊರುಗಳ ಸುತ್ತಮುತ್ತ, ಕೊಳವೆಬಾವಿಯ ನೀರೆಂದರೆ ಗಡಸು ನೀರೆಂದೇ ಅರ್ಥ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯೇ ಇದಕ್ಕೆ ಸಾಕ್ಷಿ. ಮುಂಡರಗಿ, ಶಿರಹಟ್ಟಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವೂ ಹಲವೆಡೆ ಮಿತಿ ಮೀರಿದೆ ಎಂಬುದು ಬಹುಕಾಲದ ಸಮಸ್ಯೆ.

ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಬೇರೆ ಮೂಲವಿಲ್ಲದಲ್ಲಿ 600ರವರೆಗೆ ಸಹಿಸಬಹುದು. ಫ್ಲೋರೈಡಿಗೆ ಈ ಅಂಕಿಗಳು ಕ್ರಮವಾಗಿ 1 ಮತ್ತು 1.5. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕಾಗಿದೆ. ಕ್ಯಾನಿಸ್ಟರ್ ಫಿಲ್ಟರ್ ಎಷ್ಟೇ ದುಬಾರಿಯದಾದರೂ ಸ್ಪಾಂಜು, ಉಂಗುರ, ಉಣ್ಣೆಗಳಿಂದ ಗಡಸುತನವನ್ನಾಗಲಿ ಫ್ಲೋರೈಡನ್ನಾಗಲಿ ತೆಗೆಯಲಾರದು. ನೀರಿನಲ್ಲಿ ಕರಗಿದ ಲವಣವನ್ನು ಜರಡಿ ಹಿಡಿಯದು. ನೀರು ಬದಲಿಸದೆ, ಆರಿಹೋದಷ್ಟನ್ನು ಮಾತ್ರ ತುಂಬುತ್ತ ಹೋದರೆ ಲವಣ ಸೇರುತ್ತಲೇ ಹೋಗುತ್ತದೆ. ಏಕೆಂದರೆ ಆವಿಯಾಗುವುದು ನೀರು, ಉಳಿಯುವುದು ಲವಣ. ಮೇಲೆ ಹೇಳಿದ 135 ಲೀಟರಿನ ತೊಟ್ಟಿಯಿಂದ ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಆರಿದರೆ 90 ದಿನಗಳಲ್ಲಿ ಇಡೀ ತೊಟ್ಟಿಯಷ್ಟು ಗಡಸು ನೀರು ಹೊಸದಾಗಿ ಸೇರಿದಂತಾಗಿ ಲವಣದ ಪ್ರಮಾಣ ದುಪ್ಪಟ್ಟಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು ಹೊಸದನ್ನು ಹಾಕುವ ಕ್ರಮಕ್ಕೆ ಯಾವ ಫಿಲ್ಟರೂ ಪರ್ಯಾಯವಲ್ಲ. ತೆಗೆದ ನೀರು ವ್ಯರ್ಥವೂ ಅಲ್ಲ. ನೈಟ್ರೇಟ್ ತುಂಬಿದ ಆ ನೀರು ಕುಂಡದ ಗಿಡಗಳಿಗೆ ಗೊಬ್ಬರ.

ಗಡಸು ನೀರು ಸಾಮಾನ್ಯವಾಗಿ ಕ್ಷಾರೀಯ. ಇದರ ಪರಿಣಾಮ ಅಮೋನಿಯಾದ ಮೇಲಾಗುತ್ತದೆ. 28 ಡಿಗ್ರಿ ಉಷ್ಣತೆಯಲ್ಲಿ ನೀರಿನ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಪಿಎಚ್ 8 ಆದಾಗ ಆರು ಏಳು ಪಾಲು, 8.5 ಆದಾಗ ಸುಮಾರು 18 ಪಾಲು. ಎಂದರೆ, ಮಲೆನಾಡಿನ ಮೃದು ನೀರಿನಲ್ಲಿ ಮೀನು ಸಹಿಸಿಕೊಳ್ಳುವ ಅದೇ ಪ್ರಮಾಣದ ಅಮೋನಿಯಾ ಇಲ್ಲಿ ಅದನ್ನು ಕೊಲ್ಲಬಲ್ಲುದು. ಸೂಕ್ಷ್ಮಾಣುಗಳು ಬೆಳೆಯುವ ಮುನ್ನವೇ ಇಪ್ಪತ್ತು ಮೀನುಗಳನ್ನು ಒಮ್ಮೆಲೇ ಬಿಡುವ ಉತ್ಸಾಹಕ್ಕೆ ಗದಗದ ನೀರು ಕ್ಷಮೆ ನೀಡುವುದಿಲ್ಲ.

ಇದಕ್ಕೊಂದು ಅನುಕೂಲದ ಮುಖವೂ ಇದೆ. ಮಾಲಿ, ಗಪ್ಪಿ, ಪ್ಲಾಟಿ, ಗೋಲ್ಡ್‌ಫಿಶ್‌ಗಳು ಗಡಸು ನೀರಿಗೆ ಹೊಂದಿಕೊಳ್ಳುತ್ತವೆ. ಆಫ್ರಿಕಾದ ಮಲಾವಿ, ಟಾಂಗನಿಕಾ ಸರೋವರಗಳ ಸಿಕ್ಲಿಡ್‌ಗಳಿಗಂತೂ ಅದೇ ಬೇಕು. ಅಮೆಜಾನಿನ ಮೃದು ನೀರಿನ ಡಿಸ್ಕಸ್, ನಿಯಾನ್ ಟೆಟ್ರಾಗಳನ್ನು ತಂದು ಕೊಳವೆಬಾವಿಯ ನೀರಿಗೆ ಬಿಡುವುದಕ್ಕಿಂತ ನೀರಿಗೆ ತಕ್ಕ ಮೀನನ್ನು ಮಾರುವುದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನ.

ಮೊದಲ ಆರು ವಾರ

ಹೊಸ ಫಿಲ್ಟರಿನಲ್ಲಿ ಉಪಯುಕ್ತ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿ ಎರಡು ಮೂರು ಗಟ್ಟಿಮುಟ್ಟಾದ ಮೀನುಗಳನ್ನಷ್ಟೇ ಇಟ್ಟು, ಅತ್ಯಲ್ಪ ಆಹಾರ ಹಾಕಿ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಾ ದ್ರಾವಣದಿಂದ ನೀರನ್ನು ನೋಡುತ್ತಿರಬೇಕು. ಎರಡೂ ಸೊನ್ನೆಗೆ ಇಳಿದ ಮೇಲೆ ಉಳಿದ ಮೀನು. ಇಷ್ಟು ಕಾಯುವ ತಾಳ್ಮೆ ಗ್ರಾಹಕರಿಗಿಲ್ಲ ಎಂಬುದು ವರ್ತಕರ ದೂರು. ಅದಕ್ಕೆ ಸುಲಭ ಉಪಾಯವಿದೆ. ಅಂಗಡಿಯ ಹಳೆಯ, ಆರೋಗ್ಯವಂತ ತೊಟ್ಟಿಯ ಫಿಲ್ಟರಿನಲ್ಲಿ ಒಂದಿಷ್ಟು ಹೆಚ್ಚುವರಿ ಉಂಗುರಗಳನ್ನು ಸದಾ ಇಟ್ಟುಕೊಂಡು, ಕ್ಯಾನಿಸ್ಟರ್ ಕೊಂಡವರಿಗೆ ಒಂದು ಬೊಗಸೆಯಷ್ಟನ್ನು ತೊಟ್ಟಿಯ ನೀರಿನಲ್ಲೇ ಕಟ್ಟಿ ಕೊಡುವುದು. ಹಾಲಿಗೆ ಹೆಪ್ಪು ಹಾಕಿದಂತೆ ಇದು ಕೆಲಸ ಮಾಡುತ್ತದೆ. ವಾರಗಳ ಕೆಲಸ ದಿನಗಳಿಗೆ ಇಳಿಯುತ್ತದೆ. ಕಾಯಿಲೆ ಬಿದ್ದ ತೊಟ್ಟಿಯಿಂದ ಮಾತ್ರ ಕೊಡಬಾರದು.

ನಲ್ಲಿಯ ನೀರಿನ ಕ್ಲೋರಿನ್ ಈ ಸೂಕ್ಷ್ಮಾಣುಗಳಿಗೂ ಮಾರಕ, ಮೀನಿನ ಕಿವಿರಿಗೂ ಮಾರಕ. ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದವರಿಗೆ ಸೋಡಿಯಂ ಥಯೋಸಲ್ಫೇಟ್, ಅಂದರೆ ಫೋಟೋ ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿ ಒಂದು ಕಾಲಕ್ಕೆ ಎಲ್ಲರೂ ಕಾಣುತ್ತಿದ್ದ ಹೈಪೊ ಹರಳು ಇದೆ. 100 ಲೀಟರಿಗೆ 1 ಗ್ರಾಂ ಸಾಮಾನ್ಯ ಕ್ಲೋರಿನ್ ಮಟ್ಟಕ್ಕೆ ಸಾಕಾಗುತ್ತದೆ.

ದೋಷಗಳು ಮತ್ತು ಅವುಗಳ ಪತ್ತೆ

ನೀರಿನ ಹರಿವು ಕಡಿಮೆಯಾಗುವುದು ಎಲ್ಲಕ್ಕಿಂತ ಸಾಮಾನ್ಯ ದೂರು. ಊಹಿಸುವ ಬದಲು ಅಳೆಯುವುದು ಒಳಿತು. ಮರಳುವ ಕೊಳವೆಯ ತುದಿಯನ್ನು ತೊಟ್ಟಿಯ ಅಂಚಿನ ಎತ್ತರದಲ್ಲಿಯೇ ಹಿಡಿದು 10 ಲೀಟರಿನ ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡಬೇಕು. ಒಂದು ನಿಮಿಷದಲ್ಲಿ ತುಂಬಿದರೆ ಗಂಟೆಗೆ 600 ಲೀಟರ್. ಅಳವಡಿಸಿದ ಮೊದಲ ವಾರದ ಈ ಅಂಕಿಯನ್ನು ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಆಧಾರವಾಗುತ್ತದೆ. ಹರಿವು ಕುಗ್ಗಿದಾಗ ಮೊದಲು ಹೀರುವ ಬಾಯಿಯ ಜಾಲರಿಯನ್ನು, ನಂತರ ಮೇಲಿನ ಉಣ್ಣೆಯನ್ನು ನೋಡಬೇಕು. ಉಣ್ಣೆ ಬದಲಿಸಿದರೂ ಸರಿಹೋಗದಿದ್ದರೆ ಬುಟ್ಟಿಗಳನ್ನೆಲ್ಲ ತೊಟ್ಟಿಯ ನೀರು ತುಂಬಿದ ಬಕೆಟ್ಟಿನಲ್ಲಿರಿಸಿ, ಖಾಲಿ ಡಬ್ಬಿಯನ್ನೇ ಐದು ನಿಮಿಷ ಓಡಿಸಬೇಕು. ಆಗ ಹರಿವು ಮರಳಿದರೆ ದೋಷ ಸಾಮಗ್ರಿಯಲ್ಲಿದೆ. ಮರಳದಿದ್ದರೆ ಕೊಳವೆಯಲ್ಲೋ ಪಂಪಿನಲ್ಲೋ ಇದೆ. ಕೊಳವೆಯ ಒಳಗೋಡೆಗೆ ಕಟ್ಟುವ ಲೋಳೆಯನ್ನು ಉದ್ದನೆಯ ಕುಂಚದಿಂದ ಆರು ತಿಂಗಳಿಗೊಮ್ಮೆಯಾದರೂ ತೆಗೆಯಬೇಕು.

ಮೋಟರ್ ಸದ್ದು ಮಾಡುತ್ತಿದ್ದು ನೀರು ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಎರಡು: ಗಾಳಿ ಸಿಕ್ಕಿಕೊಂಡಿರುವುದು ಅಥವಾ ಇಂಪೆಲ್ಲರ್ ಹಿಡಿದುಕೊಂಡಿರುವುದು. ಮೊದಲನೆಯದಕ್ಕೆ ಪಂಪಿಗೆ ಮತ್ತೆ ನೀರು ತುಂಬಿಸುವುದೇ ಮದ್ದು. ಎರಡನೆಯದು ನಮ್ಮ ಗಡಸು ನೀರಿನ ವಿಶೇಷ ಕೊಡುಗೆ. ಇಂಪೆಲ್ಲರಿನ ಅಯಸ್ಕಾಂತದ ಸುತ್ತಲೂ, ಅದು ತಿರುಗುವ ಗುಳಿಯಲ್ಲಿಯೂ ಸುಣ್ಣದ ಪೊರೆ ಕಟ್ಟಿ ಸಂದಿಯನ್ನು ಮುಚ್ಚುತ್ತದೆ. ಮೊದಲು ಗರಗರ ಸದ್ದು, ನಂತರ ಬಿಸಿ, ಕೊನೆಗೆ ಸ್ತಬ್ಧತೆ. ಪ್ಲಗ್ ಕಳಚಿ, ಇಂಪೆಲ್ಲರನ್ನು ಹೊರತೆಗೆದು ವಿನಿಗರಿನಲ್ಲಿ ಅಥವಾ ಕಿರಾಣಿ ಅಂಗಡಿಯ ನಿಂಬೆ ಉಪ್ಪಿನ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಕುಂಚದಿಂದ ಉಜ್ಜಿ, ಚೆನ್ನಾಗಿ ತೊಳೆದು ಕೂರಿಸಿದರೆ ಯಂತ್ರ ಹೊಸದರಂತೆ ಓಡುತ್ತದೆ. ಚಾಕುವಿನಿಂದ ಕೆರೆಯಬಾರದು, ಪಿಂಗಾಣಿಯ ಅಚ್ಚು ಬಲು ಬೇಗ ಮುರಿಯುತ್ತದೆ. ಕೊಳವೆಬಾವಿಯ ನೀರು ಬಳಸುವವರು ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಮೋಟರ್ ಸುಡುವ ಪ್ರಸಂಗ ವಿರಳ. ಹೀಗೆ ಪೊರೆ ಕಟ್ಟಿ ನಿಂತ ಪಂಪನ್ನು ಸುಟ್ಟಿದೆಯೆಂದು ತಿಳಿದು ಎಸೆದು ಹೊಸದನ್ನು ಕೊಳ್ಳುವುದು ಕೈಯಾರೆ ಮಾಡಿಕೊಂಡ ನಷ್ಟವಲ್ಲದೆ ಮತ್ತೇನಲ್ಲ.

ಸೋರಿಕೆ ಕಂಡಾಗ ಮುಚ್ಚಳದ ರಬ್ಬರ್ ಉಂಗುರವನ್ನು ಮೊದಲು ಪರಿಶೀಲಿಸಬೇಕು. ಒಂದು ಮರಳಿನ ಕಣ ಅದರಡಿ ಕುಳಿತರೂ ಸಾಕು, ರಾತ್ರಿಯಿಡೀ ಹನಿದು ಬೆಳಗಿಗೆ ಕಪಾಟಿನ ಹಲಗೆ ಉಬ್ಬುತ್ತದೆ. ಉಂಗುರವನ್ನು ತೆಗೆದು ಒರೆಸಿ, ಅದರ ಗುಳಿಯನ್ನೂ ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಕೂರಿಸಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬಳಸುವ ರೂಢಿ ಒಳ್ಳೆಯದಲ್ಲ. ಕೆಲವು ಬಗೆಯ ರಬ್ಬರ್ ಅವುಗಳಿಂದ ಉಬ್ಬಿ ಸಡಿಲವಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಕೊಳವೆ ಕಳಚುವುದು. ಹೀರುವ ಕೊಳವೆ ಕೆಳಗೆ ಕಳಚಿದರೆ ಅದರ ಬಾಯಿ ಮುಳುಗಿರುವವರೆಗಿನ ನೀರೆಲ್ಲ, ಅಂದರೆ ಬಹುತೇಕ ಇಡೀ ತೊಟ್ಟಿ, ನೆಲಕ್ಕೆ ಹರಿಯುತ್ತದೆ. ಬಟ್ಟೆ ಅಂಗಡಿಯಲ್ಲಿ ರಾತ್ರಿ ಇದು ನಡೆದರೆ ಆಗುವ ಹಾನಿಯನ್ನು ಮೀನಿನ ಬೆಲೆಯಲ್ಲಿ ಲೆಕ್ಕ ಹಾಕಲಾಗದು. ತೊಟ್ಟಿಯೊಳಗಿನ ಹೀರುವ ಕೊಳವೆಗೆ ನೀರಿನ ಮಟ್ಟದಿಂದ 5 ಸೆಂಟಿಮೀಟರ್ ಕೆಳಗೆ 3 ಮಿಲಿಮೀಟರಿನ ಒಂದು ರಂಧ್ರ ಕೊರೆದರೆ, ನೀರು ಅಲ್ಲಿಗೆ ಇಳಿಯುತ್ತಲೇ ಗಾಳಿ ಹೊಕ್ಕು ಹರಿವು ತಾನೇ ನಿಲ್ಲುತ್ತದೆ. ಇದಕ್ಕೊಂದು ಷರತ್ತಿದೆ: ಬೇಸಿಗೆಯಲ್ಲಿ ಮಟ್ಟ ದಿನಕ್ಕೆ ನಾಲ್ಕು ಮಿಲಿಮೀಟರಿನಷ್ಟು ಇಳಿಯುವುದರಿಂದ ವಾರಕ್ಕೊಮ್ಮೆ ನೀರು ತುಂಬಲೇಬೇಕು. ಇಲ್ಲವಾದರೆ ರಂಧ್ರ ಹೊರಬಿದ್ದು ಪಂಪು ಗಾಳಿ ಎಳೆಯುತ್ತದೆ.

ಎಡೆಬಿಡದೆ ಗುಳ್ಳೆ ಬರುತ್ತಿದ್ದರೆ ಹೀರುವ ಬದಿಯಲ್ಲಿ ಎಲ್ಲೋ ಗಾಳಿ ಸೇರುತ್ತಿದೆ ಎಂದರ್ಥ. ಆ ಬದಿಯ ಸೋರಿಕೆಯಿಂದ ನೀರು ಹೊರಬಾರದೆಯೂ ಗಾಳಿ ಒಳಹೋಗಬಹುದು. ಎಷ್ಟೋ ಸಲ ಕಾರಣ ಇನ್ನೂ ಸರಳ: ಗಾಳಿಕಲ್ಲನ್ನು ಹೀರುವ ಬಾಯಿಯ ಪಕ್ಕದಲ್ಲೇ ಇಟ್ಟಿರುತ್ತಾರೆ. ನೀರು ಹಾಲಿನಂತೆ ಬೆಳ್ಳಗಾದರೆ ಫಿಲ್ಟರನ್ನು ಬಿಚ್ಚಿ ತೊಳೆಯುವುದು ತಪ್ಪು ಹೆಜ್ಜೆ. ಅದು ಬಹುತೇಕ ಹೊಸ ತೊಟ್ಟಿಯ ಸೂಕ್ಷ್ಮಾಣುಗಳ ಅತಿವೃದ್ಧಿ. ಆಹಾರ ಕಡಿಮೆ ಮಾಡಿ ಕೆಲವು ದಿನ ಬಿಟ್ಟರೆ ತಿಳಿಯಾಗುತ್ತದೆ.

ತೊಳೆಯುವ ಮಾತು ಬಂದಾಗ ಒಂದನ್ನು ಒತ್ತಿ ಹೇಳಬೇಕು. ಸ್ಪಾಂಜು, ಉಂಗುರಗಳನ್ನು ನಲ್ಲಿಯ ಕೆಳಗೆ ಹಿಡಿದು, ಕೆಲವರು ಸೋಪು ಹಚ್ಚಿಯೂ, ಬೆಳ್ಳಗಾಗುವವರೆಗೆ ತೊಳೆಯುತ್ತಾರೆ. ಅಂದಿಗೆ ಆ ತೊಟ್ಟಿ ಮತ್ತೆ ಮೊದಲ ದಿನದ ಸ್ಥಿತಿಗೆ ಮರಳಿದಂತೆ; ಮೀನು ಮಾತ್ರ ತುಂಬಿದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ, ಕೆಸರು ಹೋದರೆ ಸಾಕೆಂದು ಬಿಡಬೇಕು. ಸ್ಪಾಂಜನ್ನೂ ಉಂಗುರಗಳನ್ನೂ ಒಂದೇ ದಿನ ಮುಟ್ಟದಿರುವುದು ಉತ್ತಮ.

ವಿದ್ಯುತ್ ಕಡಿತ

ಹೆಸ್ಕಾಂ ವ್ಯಾಪ್ತಿಯಲ್ಲಿ ಮಳೆಗಾಳಿಯ ಸಂಜೆಗಳು ಹೇಗಿರುತ್ತವೆಂಬುದು ಎಲ್ಲರಿಗೂ ಗೊತ್ತು. ಪಂಪು ನಿಂತೊಡನೆ ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕವನ್ನು ಸೂಕ್ಷ್ಮಾಣುಗಳು ಬೇಗನೆ ಬಳಸಿ ಮುಗಿಸುತ್ತವೆ. ಒಂದೆರಡು ಗಂಟೆಗೆ ಆತಂಕವಿಲ್ಲ. ನಾಲ್ಕೈದು ಗಂಟೆ ಮೀರಿದರೆ ಒಳಗೆ ಕೊಳೆಯುವಿಕೆ ಶುರುವಾಗುತ್ತದೆ. ವಿದ್ಯುತ್ ಮರಳಿದಾಗ ಆ ದುರ್ನಾತದ ನೀರು ಒಮ್ಮೆಲೇ ತೊಟ್ಟಿಗೆ ನುಗ್ಗುತ್ತದೆ. ಬೆಳಗ್ಗೆ ಮೀನುಗಳೆಲ್ಲ ತೇಲುತ್ತಿದ್ದವು ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಇದೇ. ದೀರ್ಘ ಕಡಿತದ ನಂತರ ಪ್ಲಗ್ ತೆಗೆದಿಟ್ಟು, ಡಬ್ಬಿಯ ನೀರನ್ನು ಚೆಲ್ಲಿ, ಸಾಮಗ್ರಿಯನ್ನು ತೊಟ್ಟಿಯ ನೀರಿನಲ್ಲಿ ಅಲುಗಿಸಿ ತೊಳೆದು ಆಮೇಲೆ ಚಾಲೂ ಮಾಡಬೇಕು. ಮನೆಯ ಇನ್ವರ್ಟರಿಗೆ ಜೋಡಿಸುವುದು ಇನ್ನೂ ಒಳ್ಳೆಯ ದಾರಿ. 18 ವ್ಯಾಟ್ ಎಂದರೆ ಅದಕ್ಕೆ ಲೆಕ್ಕಕ್ಕಿಲ್ಲದ ಹೊರೆ. ಆದರೆ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರುಗಳಲ್ಲಿ ಈ ಮೋಟರುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ. ಸೈನ್ ವೇವ್ ಮಾದರಿ ಬೇಕು. ಅದಿಲ್ಲದವರು ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನಾದರೂ ಇಟ್ಟುಕೊಂಡರೆ ಮೀನುಗಳಾದರೂ ಉಳಿಯುತ್ತವೆ.

ವರ್ತಕರು ಗಮನಿಸಬೇಕಾದ ಅಂಶ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವನ್ನು ಹೊಂದಿದೆ. ಅದರ 86ನೇ ಕಲಮಿನಂತೆ, ವಸ್ತುವಿನ ಜೋಡಣೆಯಲ್ಲಿ ಎಚ್ಚರ ವಹಿಸದಿದ್ದರೆ, ಅಥವಾ ಅಪಾಯದ ಹಾಗೂ ಸರಿಯಾದ ಬಳಕೆಯ ಕುರಿತು ತಯಾರಕರು ಕೊಟ್ಟ ಎಚ್ಚರಿಕೆ, ಸೂಚನೆಗಳನ್ನು ಗ್ರಾಹಕರಿಗೆ ತಲುಪಿಸದಿದ್ದರೆ, ಅದರಿಂದಲೇ ಉಂಟಾದ ಹಾನಿಗೆ ಮಾರಾಟಗಾರನೂ ಹೊಣೆಯಾಗಬಹುದು. ಕ್ಯಾನಿಸ್ಟರ್ ಪೆಟ್ಟಿಗೆಯೊಳಗಿನ ಕೈಪಿಡಿ ಇಂಗ್ಲಿಷಿನಲ್ಲೋ ಚೀನೀ ಭಾಷೆಯಲ್ಲೋ ಇರುತ್ತದೆ. ಅದನ್ನು ಓದಲಾಗದ ಗ್ರಾಹಕನಿಗೆ ಸೂಚನೆ ತಲುಪಿತೆಂದು ಹೇಳುವುದು ಕಷ್ಟ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಒಂದು ಪುಟದ ಕನ್ನಡ ಸೂಚನಾಪತ್ರ ಅಚ್ಚುಹಾಕಿಸುವುದು ದೊಡ್ಡ ಖರ್ಚಲ್ಲ. ಸೈಫನ್ ರಂಧ್ರ, ತಂತಿಯ ಬಾಗು, ಮೊದಲ ಆರು ವಾರದ ಕ್ರಮ, ನಲ್ಲಿಯ ಕೆಳಗೆ ತೊಳೆಯಬಾರದೆಂಬ ಎಚ್ಚರಿಕೆ, ದೀರ್ಘ ವಿದ್ಯುತ್ ಕಡಿತದ ನಂತರದ ಕ್ರಮ ಇಷ್ಟು ಅದರಲ್ಲಿ ಇರಬೇಕು. ಬಿಲ್ಲಿನ ಮೇಲೆ ಪತ್ರ ಪಡೆದುದಕ್ಕೆ ಗ್ರಾಹಕರ ಸಹಿ ಇರಬೇಕು.

ಬಿಡಿಭಾಗಗಳ ವಿಷಯದಲ್ಲಿಯೂ ಇದೇ ದೂರದೃಷ್ಟಿ ಬೇಕು. ಇಂಪೆಲ್ಲರ್, ಅದರ ಪಿಂಗಾಣಿ ಅಚ್ಚು, ಮುಚ್ಚಳದ ರಬ್ಬರ್ ಉಂಗುರ, ಕವಾಟದ ಜೋಡಿ ಈ ನಾಲ್ಕನ್ನು ದಾಸ್ತಾನಿನಲ್ಲಿ ಇಟ್ಟುಕೊಳ್ಳಲಾಗದ ಮಾದರಿಯನ್ನು ಮಾರದಿರುವುದೇ ಲೇಸು. ಮೂವತ್ತು ಬಗೆಯ ಫಿಲ್ಟರುಗಳನ್ನು ಪ್ರದರ್ಶನಕ್ಕಿಟ್ಟು ಯಾವುದಕ್ಕೂ ಬಿಡಿಭಾಗ ಕೊಡಲಾರದ ಅಂಗಡಿಗಿಂತ, ಎರಡೇ ಮಾದರಿಗಳನ್ನು ಮಾರಿ ಅವುಗಳ ಉಂಗುರವನ್ನು ಐದು ವರ್ಷದ ನಂತರವೂ ಕೊಡಬಲ್ಲ ಅಂಗಡಿಗೆ ಲಕ್ಷ್ಮೇಶ್ವರದಿಂದಲೂ ಗಿರಾಕಿ ಬರುತ್ತಾನೆ. ಸಾಕಲಾಗದೆ ಮರಳಿಸಿದ ಮೀನುಗಳನ್ನು ಅಂಗಡಿಯವರೇ ಹಿಂಪಡೆಯುವ ಏರ್ಪಾಡೂ ಇದರೊಂದಿಗೆ ಸೇರಿದರೆ ಒಳ್ಳೆಯದು. ತೊಟ್ಟಿಗೆ ದೊಡ್ಡದಾದ ಸಕ್ಕರ್ ಮೀನನ್ನು ಪುಣ್ಯದ ಕೆಲಸವೆಂದು ಕೆರೆಗೆ ಬಿಡುವ ಅಭ್ಯಾಸದಿಂದ ದೇಶದ ಹಲವು ಜಲಾಶಯಗಳಲ್ಲಿ ಸ್ಥಳೀಯ ಮೀನುಗಳಿಗೆ ಕುತ್ತು ಬಂದಿದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಮಾಗಡಿ ಕೆರೆ ಇದೇ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿದೆ.